ಮನೆಯ ಕಾಫಿ: ಮಂಗಳೂರು, ಉಡುಪಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿಯ ಮಾತು ಬಂದಾಗ ನೆಂಟರು, ನೆರೆಮನೆಯವರು, ಗೆಳೆಯರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವು ಪತ್ರದಲ್ಲಿ ಬಂದವು, ಕೆಲವು ಮದುವೆ ಊಟದ ಪಂಕ್ತಿಯಲ್ಲಿ. ಕೇಳಿದವರ ಮಾತು ಆದಷ್ಟು ಹಾಗೇ ಇದೆ. ನಮ್ಮ ಕಡೆ ಪುಡಿಗೆ ಹುಡಿ ಅನ್ನುತ್ತೇವೆ, ಇಲ್ಲಿಯೂ ಹುಡಿ ಎಂದೇ ಬರೆದಿದ್ದೇನೆ. ಕಾಫಿ ಮಾಡುವ ಸಲಹೆ ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಜಾಸ್ತಿ ಅವು ಒಣ ಹವೆಯ ಊರಿನ ಲೆಕ್ಕ. ಮಳೆಗಾಲದಲ್ಲಿ ಉಪ್ಪಿನ ಭರಣಿಯೇ ಬೆವರುವ ನಮ್ಮ ಊರಿಗೆ ಲೆಕ್ಕ ಸ್ವಲ್ಪ ಬೇರೆ.

## ಈಗಷ್ಟೇ ಶುರು ಮಾಡುವವರಿಗೆ

ಇನ್‌ಸ್ಟಂಟ್ ಬಿಟ್ಟು ಸರಿಯಾದ ಕಾಫಿ ಮಾಡಬೇಕು ಅಂತ ಆಸೆ. ಮೊದಲು ಏನು ತೆಗೆದುಕೊಳ್ಳಲಿ?

ಇಬ್ಬರಿಗೆ ಸಾಕಾಗುವ ಒಂದು ಸಣ್ಣ ಸ್ಟೀಲ್ ಫಿಲ್ಟರ್. ಕರೆಂಟ್ ಬೇಡ, ಪೇಪರ್ ಬೇಡ, ಇಪ್ಪತ್ತು ವರ್ಷ ಬಾಳುತ್ತದೆ. ಮನೆಯಲ್ಲಿ ಇಬ್ಬರೇ ಇದ್ದರೆ ದೊಡ್ಡ ಫಿಲ್ಟರ್ ತರಬೇಡಿ. ಅಗಲದ ತಳದಲ್ಲಿ ಸ್ವಲ್ಪ ಹುಡಿ ಹಾಕಿದರೆ ಅದು ತೆಳ್ಳಗೆ ಹರಡುತ್ತದೆ, ನೀರು ಓಡಿಹೋಗುತ್ತದೆ, ಡಿಕಾಕ್ಷನ್ ನೀರಾಗುತ್ತದೆ. ಎರಡನೆಯದಾಗಿ ಒಂದು ಗ್ರಾಂ ಲೆಕ್ಕ ತೋರಿಸುವ ಅಡುಗೆಮನೆಯ ತಕ್ಕಡಿ ತನ್ನಿ. ಒಮ್ಮೆ ಚೆನ್ನಾಗಿ ಬಂದ ಕಾಫಿ ಮರುದಿನವೂ ಹಾಗೇ ಬರಬೇಕಾದರೆ ಅಳತೆ ಬೇಕೇ ಬೇಕು. ಉಳಿದ ಉಪಕರಣಗಳನ್ನೆಲ್ಲ ಆಮೇಲೆ ನೋಡಿದರಾಯಿತು. ಆ ದುಡ್ಡನ್ನು ಒಳ್ಳೆಯ ಹುಡಿಗೆ ಹಾಕಿ.

ಇನ್‌ಸ್ಟಂಟ್ ಕೂಡ ಕಾಫಿಯೇ. ಕಾರ್ಖಾನೆಯಲ್ಲಿ ಡಿಕಾಕ್ಷನ್ ತೆಗೆದು, ನೀರು ಆರಿಸಿ ಹುಡಿ ಮಾಡಿರುತ್ತಾರೆ. ಆ ದಾರಿಯಲ್ಲಿ ಪರಿಮಳದ ದೊಡ್ಡ ಪಾಲು ಹೋಗಿಬಿಡುತ್ತದೆ.

ಫಿಲ್ಟರ್ ಇಲ್ಲ, ಎಂತದೂ ಇಲ್ಲ. ಬರೀ ಪಾತ್ರೆಯಲ್ಲಿ ಆಗುವುದಿಲ್ಲವಾ?

ಆಗುತ್ತದೆ. ನಮ್ಮ ಹಳೆಯ ಮನೆಗಳಲ್ಲಿ ಕಾಫಿ ಆಗುತ್ತಿದ್ದದ್ದೇ ಹಾಗೆ. ಎರಡು ಲೋಟ ನೀರು ಕುದಿಸಿ. ಒಲೆ ಆರಿಸಿ, ಅರ್ಧ ನಿಮಿಷ ಬಿಡಿ. ಮೂರು ದೊಡ್ಡ ಚಮಚ ಹುಡಿ ಹಾಕಿ ಒಮ್ಮೆ ಕದಡಿ, ಮುಚ್ಚಳ ಮುಚ್ಚಿ. ನಾಲ್ಕು ನಿಮಿಷ ಆದ ಮೇಲೆ ತೆಳು ಹತ್ತಿ ಬಟ್ಟೆಯಲ್ಲಿ ಸೋಸಿ. ಬಟ್ಟೆಯನ್ನು ಹಿಂಡಬೇಡಿ. ಹಿಂಡಿದರೆ ಕಹಿಯೂ ಬರುತ್ತದೆ, ಚರಟವೂ ಬರುತ್ತದೆ. ಹುಡಿ ಹಾಕಿದ ಮೇಲೆ ಕುದಿಸಲೇಬೇಡಿ. ಕಾಫಿ ಕಹಿಯಾಯಿತು ಎನ್ನುವ ಮನೆಗಳಲ್ಲಿ ನಾನು ಮೊದಲು ಕೇಳುವುದೇ ಇದನ್ನು.

ಬಟ್ಟೆಗೆ ಸೋಪು ತಾಗಿಸಬೇಡಿ, ಆ ವಾಸನೆ ವಾರಗಟ್ಟಲೆ ಬಿಡುವುದಿಲ್ಲ. ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಬಟ್ಟೆ ಒಣಗುವ ಮೊದಲೇ ಮುಗ್ಗಲು ಹಿಡಿಯುತ್ತದೆ. ಆಗ ಒಂದು ಡಬ್ಬಿ ನೀರಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಡಿ, ನೀರನ್ನು ದಿನಾ ಬದಲಿಸಿ.

ಬೆಲ್ಲದ ಕಾಫಿಗೆ ಹಾಲು ಹಾಕಿದ ಕೂಡಲೇ ಒಡೆಯುತ್ತದೆ. ಹಾಲು ಹಾಳಾಗಿದೆಯಾ?

ಹಾಲು ಸರಿ ಇದ್ದರೂ ಹೀಗಾಗಬಹುದು. ಕಾಫಿಯಲ್ಲಿ ಸ್ವಲ್ಪ ಹುಳಿ ಅಂಶ ಇದೆ, ಬೆಲ್ಲದಲ್ಲೂ ಹುಳಿ ಮತ್ತು ಲವಣಗಳಿವೆ. ಎರಡೂ ಸೇರಿ, ಮೇಲಿಂದ ಕುದಿಯುವ ಬಿಸಿಯೂ ಸೇರಿದರೆ ಹಾಲು ತಡೆಯುವುದಿಲ್ಲ. ಬೆಲ್ಲವನ್ನು ಡಿಕಾಕ್ಷನ್‌ನಲ್ಲಿ ಪೂರ್ತಿ ಕರಗಿಸಿ, ಒಲೆಯಿಂದ ಇಳಿಸಿ, ಒಂದೆರಡು ನಿಮಿಷ ಬಿಡಿ. ಹಾಲನ್ನು ಬೇರೆ ಪಾತ್ರೆಯಲ್ಲಿ ಬಿಸಿ ಮಾಡಿ ಕೊನೆಯಲ್ಲಿ ಸೇರಿಸಿ. ಸೇರಿಸಿದ ಮೇಲೆ ಮತ್ತೆ ಒಲೆಗೆ ಇಡಬೇಡಿ. ನನಗಂತೂ ಬೆಲ್ಲದ ಕಾಫಿ ಹಾಲಿಲ್ಲದೆಯೇ ಇಷ್ಟ.

ಅರೇಬಿಕಾ, ರೊಬಸ್ಟಾ, ಪೀಬೆರಿ, ಪ್ಲಾಂಟೇಷನ್ ಎ... ಅಂಗಡಿಯವರು ಕೇಳುವಾಗ ತಲೆ ತಿರುಗುತ್ತದೆ. ಏನು ಹೇಳಲಿ?

ಅರೇಬಿಕಾ ಮತ್ತು ರೊಬಸ್ಟಾ ಗಿಡದ ಜಾತಿಗಳು. ಅರೇಬಿಕಾದಲ್ಲಿ ಪರಿಮಳ ಮತ್ತು ತೆಳುವಾದ ಹುಳಿ ಜಾಸ್ತಿ, ಕೆಫೀನ್ ಸುಮಾರು ಶೇ 1.2. ರೊಬಸ್ಟಾದಲ್ಲಿ ಕಹಿ, ಗಟ್ಟಿತನ ಮತ್ತು ನೊರೆ ಜಾಸ್ತಿ, ಕೆಫೀನ್ ಸುಮಾರು ಶೇ 2.2. ಸಾಮಾನ್ಯವಾಗಿ ಒಂದು ಹಣ್ಣಲ್ಲಿ ಎರಡು ಚಪ್ಪಟೆ ಬೀಜ ಇರುತ್ತವೆ. ಕೆಲವು ಹಣ್ಣಲ್ಲಿ ಒಂದೇ ಬೀಜ ಗುಂಡಗೆ ಬೆಳೆಯುತ್ತದೆ, ಅದು ಪೀಬೆರಿ. ಪ್ಲಾಂಟೇಷನ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಅರೇಬಿಕಾ. ಎ, ಬಿ ಅಂತ ಹೇಳುವುದು ಬೀಜದ ಗಾತ್ರಕ್ಕೆ. ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದರೆ ಅದು ಚೆರಿ.

ಹಾಲು ಹಾಕಿ ಕುಡಿಯುವವರು ಅರೇಬಿಕಾ 70, ರೊಬಸ್ಟಾ 30 ಎಂದು ಹೇಳಿ ಶುರು ಮಾಡಿ. ಬರೀ ಅರೇಬಿಕಾ ಹಾಲಿನಲ್ಲಿ ಕಳೆದುಹೋಗುತ್ತದೆ. ಹಾಲಿಲ್ಲದೆ ಕುಡಿಯುವುದಾದರೆ ಪೂರ್ತಿ ಅರೇಬಿಕಾ ಕೇಳಿ.

ಚಿಕೋರಿ ಅಂದರೆ ಕಲಬೆರಕೆ ಅಲ್ವಾ?

ಹೇಳದೆ ಹಾಕಿದರೆ ಕಲಬೆರಕೆ, ಹೇಳಿ ಹಾಕಿದರೆ ಅಲ್ಲ. ಚಿಕೋರಿ ಒಂದು ಗಿಡದ ಬೇರು. ನಮ್ಮ ದೇಶದಲ್ಲಿ ಮುಖ್ಯವಾಗಿ ಗುಜರಾತ್ ಮತ್ತು ಉತ್ತರ ಪ್ರದೇಶದಲ್ಲಿ ಬೆಳೆಯುತ್ತಾರೆ. ಒಣಗಿಸಿ ಹುರಿದರೆ ಸುಟ್ಟ ಸಕ್ಕರೆಯ ರುಚಿ, ಕಡು ಬಣ್ಣ ಬರುತ್ತದೆ. ಅದರಲ್ಲಿ ಕೆಫೀನ್ ಇಲ್ಲ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು, ಪ್ರಮಾಣವನ್ನು ಪ್ಯಾಕೆಟ್ ಮೇಲೆ ಬರೆಯಲೇಬೇಕು. ಅಂದರೆ ಶೇ 49ರವರೆಗೆ ಚಿಕೋರಿ ಇದ್ದರೂ ಅದು ಕಾನೂನಿಗೆ ಸರಿ. ಆದ್ದರಿಂದ ಹೆಸರು ನೋಡುವ ಮೊದಲು ಆ ಸಣ್ಣ ಅಕ್ಷರ ಓದಿ. ನನ್ನ ಮಾತು ಕೇಳುವುದಾದರೆ ಹಾಲಿನ ಕಾಫಿಗೆ ಶೇ 15ರಿಂದ 20 ಸಾಕು. ಅದಕ್ಕಿಂತ ಮೇಲೆ ಹೋದರೆ ಕಾಫಿಯ ರುಚಿ ಹಿಂದೆ ನಿಲ್ಲುತ್ತದೆ.

ಉಡುಪಿ ಕಷಾಯವೂ ಕಾಫಿಯ ಜಾತಿಯಾ?

ಅಲ್ಲ. ಅದು ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಮುಂತಾದವನ್ನು ಹುರಿದು ಮಾಡಿದ ಹುಡಿ. ಕೆಫೀನ್ ಇಲ್ಲ. ರಾತ್ರಿ ಕಾಫಿ ಬೇಕೆನಿಸಿದಾಗ ಒಳ್ಳೆಯ ಬದಲಿ.

## ಫಿಲ್ಟರ್ ಮತ್ತು ಡಿಕಾಕ್ಷನ್

ಎಷ್ಟು ಹುಡಿಗೆ ಎಷ್ಟು ನೀರು? ಎಲ್ಲರೂ ಅಂದಾಜು ಅಂತ ಹೇಳುತ್ತಾರೆ.

ಇಬ್ಬರಿಗೆ 20 ಗ್ರಾಂ ಹುಡಿ, 120 ಮಿಲಿ ನೀರು. ತಕ್ಕಡಿ ಇಲ್ಲದಿದ್ದರೆ ತಲೆ ಸವರಿದ ನಾಲ್ಕು ಟೇಬಲ್ ಚಮಚ. ಹುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ತನ್ನಲ್ಲೇ ಹಿಡಿದುಕೊಳ್ಳುತ್ತದೆ. ಹಾಗಾಗಿ ಕೆಳಗೆ 80 ಮಿಲಿಯಷ್ಟು ಇಳಿಯುತ್ತದೆ. ತಲಾ 40 ಮಿಲಿ ಡಿಕಾಕ್ಷನ್, 100 ಮಿಲಿ ಹಾಲು. ಒಂದು ಒಳ್ಳೆಯ ಲೋಟ ಕಾಫಿ.

ಮೇಲಿನ ಪಾತ್ರೆ ಪೂರ್ತಿ ಒಣಗಿರಬೇಕು. ಹುಡಿ ಹಾಕಿ, ಬದಿಗೆ ಎರಡು ಸಲ ತಟ್ಟಿ ಸಮ ಮಾಡಿ. ಒತ್ತುವ ಬಿಲ್ಲೆಯನ್ನು ಹುಡಿಯ ಮೇಲೆ ಸುಮ್ನೆ ಕೂರಿಸಿ, ಬಲ ಹಾಕಬೇಡಿ. ನೀರು ಕುದಿ ಬಂದು ಅರ್ಧ ನಿಮಿಷ ಆದ ಮೇಲೆ ಮೊದಲು ಎರಡು ಚಮಚದಷ್ಟು ಮಾತ್ರ ಸುತ್ತಲೂ ಹಾಕಿ, ಅರ್ಧ ನಿಮಿಷ ಕಾಯಿರಿ. ಹುಡಿ ತಾಜಾ ಇದ್ದರೆ ಬಿಲ್ಲೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಕಾವಲಿಯ ಮೇಲೆ ದೋಸೆ ಕಣ್ಣು ಬಿಟ್ಟ ಹಾಗೆ. ಆಮೇಲೆ ಉಳಿದ ನೀರು ಹಾಕಿ ಮುಚ್ಚಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಇಳಿದರೆ ಸರಿ.

ಡಿಕಾಕ್ಷನ್ ಇಳಿಯುವುದೇ ಇಲ್ಲ ಮಾರಾಯ್ರೆ! ಒಂದು ಗಂಟೆ ಆದರೂ ತೊಟ್ಟು ತೊಟ್ಟು.

ಮೊದಲು ಮೇಲಿನ ಪಾತ್ರೆಯನ್ನು ಸ್ವಲ್ಪ ಎತ್ತಿ ಮತ್ತೆ ಇಡಿ. ಎರಡು ಪಾತ್ರೆ ತೀರಾ ಬಿಗಿಯಾಗಿ ಕೂತಿದ್ದರೆ ಕೆಳಗಿನ ಗಾಳಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಅದು ಮೇಲಿನ ನೀರನ್ನು ತಡೆಯುತ್ತದೆ. ಎಷ್ಟೋ ಸಲ ಸಮಸ್ಯೆ ಅಷ್ಟೇ ಇರುತ್ತದೆ.

ಅದಲ್ಲದಿದ್ದರೆ ಫಿಲ್ಟರನ್ನು ಕಿಟಕಿಯ ಬೆಳಕಿಗೆ ಹಿಡಿದು ತೂತುಗಳನ್ನು ನೋಡಿ. ದಿನಾ ಬಳಸುವ ಫಿಲ್ಟರಿನಲ್ಲಿ ಅರ್ಧದಷ್ಟು ತೂತು ಮುಚ್ಚಿರುವುದು ನನ್ನ ಕಣ್ಣಿಗೇ ಬಿದ್ದಿದೆ. ಕಾಫಿಯ ಎಣ್ಣೆ ಅಂಟಿ, ಅದರ ಮೇಲೆ ನುಣ್ಣನೆ ಹುಡಿ ಕೂತು ಹಾಗಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆಳಗಿನಿಂದ ಉಜ್ಜಿ. ಹೋಗದಿದ್ದರೆ ಹುಣಸೆಹುಳಿ ನೀರಲ್ಲಿ ಕುದಿಸಿ. ಸ್ಟೀಲ್ ಆಗಿದ್ದರೆ ತಳವನ್ನು ಒಂದು ನಿಮಿಷ ಉರಿಯ ಮೇಲೆ ಹಿಡಿದರೂ ಆಗುತ್ತದೆ, ಒಳಗೆ ಕೂತದ್ದು ಸುಟ್ಟು ಉದುರುತ್ತದೆ. ತೂತಿಗೆ ಸೂಜಿ ಹಾಕಬೇಡಿ, ದೊಡ್ಡದಾಗುತ್ತವೆ.

ಮೂರನೆಯದು ಹುಡಿ. ಚಿಕೋರಿ ಜಾಸ್ತಿ ಇದ್ದರೆ, ಹುಡಿ ಮೈದಾದಷ್ಟು ನಯ ಇದ್ದರೆ ನೀರು ಬಿದ್ದ ಕೂಡಲೇ ಕೆಸರಾಗುತ್ತದೆ. ಫಿಲ್ಟರಿಗೆ ಚಿರೋಟಿ ರವೆಯ ಹತ್ತಿರದ ತರಿ ಸರಿ. ಇದಕ್ಕೆ ತಿರುಗಿ, ಎರಡೇ ನಿಮಿಷದಲ್ಲಿ ಎಲ್ಲ ಇಳಿದುಬಿಟ್ಟರೆ ತರಿ ಜಾಸ್ತಿ ಎಂದರ್ಥ.

ಹೋಟೆಲಿನ ರುಚಿ ಮನೆಯಲ್ಲಿ ಯಾಕೆ ಬರುವುದಿಲ್ಲ? ಅವರು ಬೇರೆ ಏನಾದರೂ ಹಾಕುತ್ತಾರಾ?

ಹಾಕುವುದಿಲ್ಲ. ವ್ಯತ್ಯಾಸ ಮಾಡುವ ಕ್ರಮದಲ್ಲಿದೆ. ರಥಬೀದಿಯ ಯಾವುದಾದರೂ ಹಳೆಯ ಹೋಟೆಲಿನಲ್ಲಿ ಬೆಳಗ್ಗೆ ಆರೂವರೆಗೆ ಕಾಫಿ ಕಟ್ಟೆಯ ಹತ್ತಿರದ ಮೇಜಿನಲ್ಲಿ ಕೂತು ನೋಡಿ. ಹುಡಿಯನ್ನು ಕೈ ಬಿಚ್ಚಿ ಹಾಕುತ್ತಾರೆ. ಮೊದಲ ಡಿಕಾಕ್ಷನ್ ಮಾತ್ರ ಲೋಟಕ್ಕೆ ಹೋಗುತ್ತದೆ. ಅದು ಮಾಡಿದ ಅರ್ಧ ಗಂಟೆಯಲ್ಲಿ ಖಾಲಿ. ಹಾಲು ದಪ್ಪ, ಬೇರೆ ಪಾತ್ರೆಯಲ್ಲಿ ಬಿಸಿಯಾಗಿಯೇ ಇರುತ್ತದೆ. ಡಿಕಾಕ್ಷನ್ ಒಲೆಯ ಮೇಲೆ ಇರುವುದಿಲ್ಲ, ಬಿಸಿಯೆಲ್ಲ ಹಾಲಿನಿಂದಲೇ ಬರುತ್ತದೆ. ಕೊನೆಗೆ ಎತ್ತಿ ಹೊಯ್ಯುತ್ತಾರೆ. ಅದರಿಂದ ಗಾಳಿ ಸೇರಿ ನೊರೆ ಬರುತ್ತದೆ, ಬಾಯಿ ಸುಡದಷ್ಟು ಬಿಸಿಗೂ ಇಳಿಯುತ್ತದೆ.

ಮನೆಯಲ್ಲಿ ನಾವು ಮಾಡುವುದು ತದ್ವಿರುದ್ಧ. ಹುಡಿ ಉಳಿಸುತ್ತೇವೆ. ಬೆಳಗ್ಗಿನ ಡಿಕಾಕ್ಷನ್ ಸಂಜೆಗೆ ಇಡುತ್ತೇವೆ. ಹಾಲು, ಡಿಕಾಕ್ಷನ್, ಸಕ್ಕರೆ ಎಲ್ಲ ಒಂದೇ ಪಾತ್ರೆಗೆ ಹಾಕಿ ಕುದಿಸುತ್ತೇವೆ. ಕೊನೆಯದನ್ನು ಬಿಟ್ಟುಬಿಟ್ಟರೂ ಸಾಕು, ಮರುದಿನವೇ ವ್ಯತ್ಯಾಸ ಗೊತ್ತಾಗುತ್ತದೆ.

ರಾತ್ರಿ ಮಾಡಿಟ್ಟ ಡಿಕಾಕ್ಷನ್ ಬೆಳಗ್ಗೆ ಬಳಸಬಹುದಾ? ಎರಡನೇ ಡಿಕಾಕ್ಷನ್?

ರಾತ್ರಿಯದ್ದು ಬಳಸಬಹುದು. ಆದರೆ ಮುಚ್ಚಿದ ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ, ಫ್ರಿಜ್‌ನಲ್ಲಿರಲಿ. ನಮ್ಮ ಸೆಖೆಗೆ ಹೊರಗೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಹುಳಿ ವಾಸನೆ ಬರಬಹುದು. ಬಿಸಿ ಮಾಡುವಾಗ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಬೆಚ್ಚಗೆ ಮಾಡಿ. ಎರಡನೇ ಡಿಕಾಕ್ಷನ್‌ನಲ್ಲಿ ಬಣ್ಣ ಮತ್ತು ಕಹಿ ಬಿಟ್ಟರೆ ಜಾಸ್ತಿ ಏನೂ ಇಲ್ಲ. ತೆಗೆಯುವುದಾದರೆ ಮೊದಲನೆಯದಕ್ಕೆ ಸ್ವಲ್ಪ ಬೆರೆಸಿ, ಅದೊಂದರಲ್ಲೇ ಕಾಫಿ ಮಾಡಬೇಡಿ.

ಅಜ್ಜಿಯ ಹಿತ್ತಾಳೆ ಫಿಲ್ಟರ್ ಸಿಕ್ಕಿದೆ. ಬಳಸಲಾ?

ಒಳಗೆ ಕಲಾಯಿ ಇದ್ದರೆ ಬಳಸಿ. ಕಲಾಯಿ ಹೋಗಿ ಹಳದಿ ಕಾಣುತ್ತಿದ್ದರೆ ಮೊದಲು ಕಲಾಯಿ ಹಾಕಿಸಿ. ಕಾಫಿಯ ಹುಳಿ ಬರೀ ಹಿತ್ತಾಳೆಗೆ ತಾಗುವುದು ಒಳ್ಳೆಯದಲ್ಲ. ಕಲಾಯಿ ಇರುವ ಪಾತ್ರೆಯನ್ನು ಉರಿಯ ಮೇಲೆ ಹಿಡಿಯಬೇಡಿ, ತವರ ಕರಗುತ್ತದೆ. ಹಿತ್ತಾಳೆ ದಪ್ಪ ಇರುವುದರಿಂದ ಬಿಸಿ ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ಮೊದಲು ಬಿಸಿನೀರಲ್ಲಿ ತೊಳೆದು ಒರೆಸಿಕೊಂಡರೆ ಮಾತ್ರ.

## ಮಳೆ, ಬಾವಿ ನೀರು, ಹಾಲು

ಮಳೆಗಾಲದಲ್ಲಿ ಹುಡಿ ಗಟ್ಟಿಯಾಗುತ್ತದೆ, ಪರಿಮಳವೂ ಇಲ್ಲ. ಫ್ರಿಜ್‌ನಲ್ಲಿ ಇಡಲಾ?

ಕರಾವಳಿಯಲ್ಲಿ ಕಾಫಿ ಕೆಡಲು ದೊಡ್ಡ ಕಾರಣ ಇದು. ಫಿಲ್ಟರ್ ಬದಲಿಸಿ, ಬ್ರ್ಯಾಂಡ್ ಬದಲಿಸಿ ಸೋತವರಲ್ಲಿ ಅರ್ಧ ಜನಕ್ಕೆ ಸಮಸ್ಯೆ ಇರುವುದು ಡಬ್ಬಿಯೊಳಗೆ. ಹುರಿದ ಬೀಜ ಸ್ಪಂಜಿನ ಹಾಗೆ ಒಳಗೆಲ್ಲ ತೂತು ತೂತು. ಹುಡಿ ಮಾಡಿದರೆ ಗಾಳಿಗೆ ತಾಗುವ ಮೈ ಎಷ್ಟೋ ಪಟ್ಟು ಹೆಚ್ಚುತ್ತದೆ. ತೇವ ಒಳಗೆ ಹೋಗುತ್ತದೆ, ಪರಿಮಳ ಹೊರಗೆ ಹೋಗುತ್ತದೆ. ಚಿಕೋರಿ ತೇವವನ್ನು ಇನ್ನೂ ಬೇಗ ಎಳೆಯುತ್ತದೆ. ಅದಕ್ಕೇ ಚಿಕೋರಿ ಹುಡಿ ಮೊದಲು ಕಲ್ಲಾಗುವುದು.

ಒಂದು ಜೂನ್ ತಿಂಗಳಲ್ಲಿ ನಾನು ಮಳೆಗೆ ಪೇಟೆಗೆ ಹೋಗುವುದು ಬೇಡವೆಂದು ಒಂದು ಕಿಲೋ ಹುಡಿ ಒಟ್ಟಿಗೆ ತಂದಿಟ್ಟೆ. ದೊಡ್ಡ ಸ್ಟೀಲ್ ಡಬ್ಬಿ, ದಿನಕ್ಕೆ ಎರಡು ಸಲ ಮುಚ್ಚಳ ತೆಗೆಯುವುದು. ಮೂರನೇ ವಾರ ಚಮಚ ಹಾಕಿದಾಗ ಮೇಲಿನ ಪದರ ಬಿಸ್ಕತ್ತಿನ ಹಾಗೆ ಮುರಿಯಿತು. ಅಡಿಯಲ್ಲಿ ಒದ್ದೆ ಗೋಣಿಯ ವಾಸನೆ. ಅರ್ಧಕ್ಕಿಂತ ಜಾಸ್ತಿ ತೆಂಗಿನ ಬುಡಕ್ಕೆ ಹೋಯಿತು. ಅಂದಿನಿಂದ ಮಳೆಗಾಲದಲ್ಲಿ ಒಂದು ವಾರಕ್ಕಾಗುವಷ್ಟೇ ತರುತ್ತೇನೆ. ಇಬ್ಬರಿಗೆ, ದಿನಕ್ಕೊಮ್ಮೆ ಎಂದರೆ 150 ಗ್ರಾಂ ಸಾಕು. 100 ಗ್ರಾಂ ಕೇಳಲು ನಾಚಿಕೆ ಬೇಡ, ಬೀಸಿ ಕೊಡುವ ಅಂಗಡಿಯವರು ಕೊಡುತ್ತಾರೆ.

ತಂದದ್ದನ್ನು ಎರಡು ಸಣ್ಣ ಡಬ್ಬಿಗೆ ಹಾಕಿ, ಬಾಯಿಯವರೆಗೆ ತುಂಬಿ. ಒಂದು ಮುಗಿಯುವವರೆಗೆ ಇನ್ನೊಂದನ್ನು ತೆಗೆಯಬೇಡಿ. ಒಲೆಯ ಪಕ್ಕದ ಕಪಾಟು ಬೇಡ, ಅಲ್ಲಿ ಹಬೆ ಜಾಸ್ತಿ. ಚಮಚ ಒಣಗಿರಲಿ. ದಿನಾ ಬಳಸುವ ಡಬ್ಬಿಯನ್ನು ಫ್ರಿಜ್‌ನಲ್ಲಿ ಇಡಬೇಡಿ. ತಣ್ಣಗಿನ ಡಬ್ಬಿ ಹೊರಗೆ ತಂದು ಮುಚ್ಚಳ ತೆಗೆದರೆ ನಮ್ಮ ಗಾಳಿಯ ತೇವ ಹುಡಿಯ ಮೇಲೆಯೇ ಹನಿಯಾಗುತ್ತದೆ. ಜಾಸ್ತಿ ಇದ್ದರೆ ಸಣ್ಣ ಸಣ್ಣ ಪೊಟ್ಟಣ ಮಾಡಿ, ಗಾಳಿ ಹೋಗದ ಹಾಗೆ ಕಟ್ಟಿ ಫ್ರೀಜರ್‌ನಲ್ಲಿಡಿ. ಹೊರಗೆ ತೆಗೆದ ಪೊಟ್ಟಣದ ತಣ್ಣಗೆ ಪೂರ್ತಿ ಹೋಗಿ ಹೊರಗಿನ ಹವೆಯಷ್ಟೇ ಆದ ಮೇಲೆಯೇ ಬಿಚ್ಚಿ, ಮತ್ತೆ ಒಳಗೆ ಇಡಬೇಡಿ.

ಏಪ್ರಿಲ್ ಬಂತೆಂದರೆ ಕಾಫಿ ಒಂಥರಾ ಚಪ್ಪೆ, ಕೆಲವು ದಿನ ಉಪ್ಪುಪ್ಪು. ಹುಡಿ ಅದೇ. ಯಾಕೆ?

ನೀರು. ಒಂದು ಲೋಟ ಕಪ್ಪು ಕಾಫಿಯಲ್ಲಿ ಶೇ 98ಕ್ಕಿಂತ ಹೆಚ್ಚು ಇರುವುದು ನೀರೇ. ಕಡಲು, ಹೊಳೆಬಾಯಿಗೆ ಹತ್ತಿರದ ಬಾವಿಗಳಿಗೆ ಬೇಸಗೆಯ ಕೊನೆಯಲ್ಲಿ ಉಪ್ಪು ಏರುತ್ತದೆ. ನಳ್ಳಿ ನೀರು ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣೆಯ ಬಜೆ ಅಣೆಕಟ್ಟಿನಿಂದ ಬರುತ್ತದೆ. ಮಳೆ ತಡವಾದ ವರ್ಷ ಅಲ್ಲಿ ನೀರು ತಳ ಮುಟ್ಟುತ್ತದೆ, ಆಗ ರುಚಿಯೂ ಬದಲಾಗುತ್ತದೆ.

ಪರೀಕ್ಷೆ ಸುಲಭ. ಕುದಿಸಿ ಆರಿಸಿದ ನೀರನ್ನು ಹಾಗೇ ಕುಡಿದು ನೋಡಿ. ಅದರಲ್ಲಿ ಉಪ್ಪು, ಕ್ಲೋರಿನ್, ಕಬ್ಬಿಣದ ರುಚಿ ಇದ್ದರೆ ಕಾಫಿಯಲ್ಲೂ ಇರುತ್ತದೆ. ಕ್ಲೋರಿನ್ ವಾಸನೆಗೆ ಕಾರ್ಬನ್ ಫಿಲ್ಟರ್ ಸಾಕು. ಉಪ್ಪಿಗೆ ಆರ್‌ಓ ಬೇಕಾಗುತ್ತದೆ. ಆದರೆ ಪೂರ್ತಿ ಆರ್‌ಓ ನೀರಲ್ಲಿ ಖನಿಜ ತೀರಾ ಕಡಿಮೆ, ಕಾಫಿ ಸಪ್ಪೆಯಾಗುತ್ತದೆ. ಹುಡಿಯಿಂದ ರುಚಿ ಎಳೆಯಲು ನೀರಲ್ಲಿ ಸ್ವಲ್ಪ ಮೆಗ್ನೀಸಿಯಂ, ಕ್ಯಾಲ್ಸಿಯಂ ಬೇಕು. ಒಳನಾಡಿನ ನೆಂಟರ ಮನೆಯ ಬಾವಿ ನೀರು ಒಂದು ಕ್ಯಾನ್ ತಂದು ಅರ್ಧರ್ಧ ಬೆರೆಸಿ ನೋಡಿ. ನಮ್ಮ ಮುರಕಲ್ಲಿನ ಬಾವಿಯ ಮೆದು ನೀರಿಗೆ ಮಳೆಗಾಲ ಮುಗಿದ ಹೊಸತರಲ್ಲಿ ಬರುವ ರುಚಿಯೇ ಬೇರೆ. ಅಕ್ಟೋಬರ್ ತಿಂಗಳ ಕಾಫಿಗೆ ನಾನು ಕಾಯುತ್ತಿರುತ್ತೇನೆ.

ಯಾವ ಹಾಲು ಒಳ್ಳೆಯದು?

ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3, ಸ್ಟ್ಯಾಂಡರ್ಡ್‌ನಲ್ಲಿ 4.5, ಫುಲ್ ಕ್ರೀಮ್‌ನಲ್ಲಿ 6. ಕಾಫಿಗೆ ನಡುವಿನದು ಹಿತ. ಹಾಲಿಗೆ ನೀರು ಸೇರಿಸಬೇಡಿ. ತೆಳು ಕಾಫಿ ಬೇಕಾದರೆ ಡಿಕಾಕ್ಷನ್ ಕಡಿಮೆ ಮಾಡುವುದು ಒಳ್ಳೆಯದು. ಒಮ್ಮೆ ಉಕ್ಕಿ ಬಂದ ಹಾಲನ್ನು ಮತ್ತೆ ಮತ್ತೆ ಕುದಿಸಿದರೆ ಕೆನೆ ಕಟ್ಟಿ ಬೆಂದ ವಾಸನೆ ಬರುತ್ತದೆ. ಹಸುವಿನ ಹಾಲು ಕುಡಿಯದವರು ತೆಂಗಿನಕಾಯಿಯ ದಪ್ಪ ಮೊದಲ ಹಾಲು ಬಳಸಿ ನೋಡಿ. ಅದನ್ನು ಕುದಿಸಬಾರದು, ಬೆಚ್ಚಗೆ ಮಾಡಿ ಕೊನೆಗೆ ಸೇರಿಸಬೇಕು.

## ಬೇರೆ ದಾರಿಗಳು

ಫ್ರೆಂಚ್ ಪ್ರೆಸ್ ಉಡುಗೊರೆ ಬಂದಿದೆ. ಫಿಲ್ಟರ್ ಹುಡಿ ಹಾಕಿದರೆ ಬರೀ ಕೆಸರು.

ಫ್ರೆಂಚ್ ಪ್ರೆಸ್ ಅಂದರೆ ಹುಡಿಯನ್ನು ಬಿಸಿನೀರಲ್ಲಿ ನೆನೆಸಿ, ಜಾಲರಿಯನ್ನು ಕೆಳಗೆ ಒತ್ತಿ ಸೋಸುವ ಜಗ್ಗು. ಅದಕ್ಕೆ ತರಿ ಹುಡಿ ಬೇಕು, ಇಡ್ಲಿ ರವೆಯಷ್ಟು. ಚಿಕೋರಿ ಬೇಡವೇ ಬೇಡ. 15 ಗ್ರಾಂ ಹುಡಿಗೆ 250 ಮಿಲಿ ನೀರು, ನಾಲ್ಕು ನಿಮಿಷ. ಮೇಲೆ ತೇಲುವ ಪದರವನ್ನು ಚಮಚದಲ್ಲಿ ಮುರಿದು, ನೊರೆ ತೆಗೆದುಹಾಕಿ, ಇನ್ನೂ ಮೂರು ನಿಮಿಷ ಬಿಡಿ. ಹುಡಿ ತಾನಾಗಿ ತಳ ಸೇರುತ್ತದೆ. ಆಮೇಲೆ ಮೆಲ್ಲ ಒತ್ತಿ. ಕೊನೆಯ ಗುಟುಕು ಲೋಟದಲ್ಲೇ ಬಿಡಿ.

ಮೋಕಾ ಪಾಟ್‌ನಲ್ಲಿ ಬರುವುದು ಎಸ್ಪ್ರೆಸ್ಸೊ ತಾನೇ?

ಅಲ್ಲ. ಎಸ್ಪ್ರೆಸ್ಸೊ ಅಂದರೆ ಯಂತ್ರದ ಒತ್ತಡದಲ್ಲಿ ತೆಗೆಯುವ ಗಟ್ಟಿ ಕಾಫಿ, ಅದಕ್ಕೆ ಸುಮಾರು 9 ಬಾರ್ ಒತ್ತಡ ಬೇಕು. ಇದರಲ್ಲಿ ಬರುವುದು ಒಂದೆರಡು ಬಾರ್. ಒಲೆಯ ಮೇಲಿಟ್ಟಾಗ ಕೆಳಗಿನ ನೀರು ಹಬೆಯ ಒತ್ತಡಕ್ಕೆ ಹುಡಿಯ ಮೂಲಕ ಮೇಲೇರುವ, ಇಟಲಿಯಲ್ಲಿ 1933ರಲ್ಲಿ ಬಂದ ಉಪಕರಣ ಇದು. ಆದರೆ ನಮ್ಮ ಹಾಲಿನ ಕಾಫಿಗೆ ಇದರಷ್ಟು ಒಗ್ಗುವ ವಿದೇಶಿ ಉಪಕರಣ ಇನ್ನೊಂದಿಲ್ಲ. ಐದು ನಿಮಿಷದಲ್ಲಿ ಗಟ್ಟಿ ಡಿಕಾಕ್ಷನ್ ಸಿಗುತ್ತದೆ.

ಕೆಳಗೆ ಬಿಸಿನೀರು ಹಾಕಿ, ವಾಲ್ವ್‌ಗಿಂತ ಕೆಳಗೆ ನಿಲ್ಲಲಿ. ಹುಡಿಯನ್ನು ತುಂಬಿ ಸಮ ಮಾಡಿ, ಒತ್ತಬೇಡಿ. ಸಣ್ಣ ಉರಿ, ಮುಚ್ಚಳ ತೆಗೆದಿರಲಿ. ಜೇನಿನ ಬಣ್ಣದ ಧಾರೆ ಬರುತ್ತದೆ. ಅದು ಬಿಳಿಚಿ ಗುರುಗುರು ಶಬ್ದ ಶುರುವಾದ ಕೂಡಲೇ ಇಳಿಸಿ. ಆ ಶಬ್ದ ಮುಗಿಯುವವರೆಗೆ ಕಾದರೆ ಕಹಿ ಖಂಡಿತ. ಚಿಕೋರಿ ಇರುವ ನಯ ಹುಡಿ ಇದಕ್ಕೆ ಹಾಕಬೇಡಿ, ಜಾಲರಿ ಕಟ್ಟಿ ಒತ್ತಡ ಏರುತ್ತದೆ. ಅಲ್ಯೂಮಿನಿಯಂನದ್ದು ಇಂಡಕ್ಷನ್ ಒಲೆಯಲ್ಲಿ ಬಿಸಿಯಾಗುವುದಿಲ್ಲ, ತರುವ ಮೊದಲು ನೋಡಿಕೊಳ್ಳಿ.

ಮಣಿಪಾಲದಲ್ಲಿ ಹಾಸ್ಟೆಲ್‌ನಲ್ಲಿದ್ದೇನೆ. ಕೆಟಲ್ ಮಾತ್ರ ಇದೆ. ಏನಾದರೂ ದಾರಿ ಇದೆಯಾ?

ಏರೋಪ್ರೆಸ್. ಹುಡಿ, ಬಿಸಿನೀರು ಹಾಕಿ ಕೈಯಿಂದ ಒತ್ತಿ ಸೋಸುವ ಪ್ಲಾಸ್ಟಿಕ್ ಕೊಳವೆ, ಒಡೆಯುವುದಿಲ್ಲ, ತೊಳೆಯಲು ಹತ್ತು ಸೆಕೆಂಡ್. ಅಮೆರಿಕದ ಆಲನ್ ಆಡ್ಲರ್ 2005ರಲ್ಲಿ ಮಾರುಕಟ್ಟೆಗೆ ತಂದದ್ದು. 15 ಗ್ರಾಂ ಹುಡಿ, 200 ಮಿಲಿ ನೀರು, ಒಂದೂವರೆ ನಿಮಿಷ ಬಿಟ್ಟು ಮೆಲ್ಲ ಒತ್ತಿ. ದುಬಾರಿ ಎನಿಸಿದರೆ ಒಂದು ಸ್ಟೀಲ್ ಫಿಲ್ಟರ್ ಮತ್ತು ಆ ಕೆಟಲ್ ಸಾಕು.

ಪೇಪರಿನಲ್ಲಿ ಸೋಸುವುದು ಸುಮ್ನೆ ಶೋಕಿ ಅಲ್ವಾ?

ಅಲ್ಲ, ರುಚಿ ನಿಜವಾಗಿ ಬೇರೆ. ಜರ್ಮನಿಯ ಮೆಲಿಟಾ ಬೆಂಟ್ಜ್ ಎಂಬ ಗೃಹಿಣಿ ಹಿತ್ತಾಳೆ ಪಾತ್ರೆಗೆ ತೂತು ಮಾಡಿ, ಮಗನ ಪುಸ್ತಕದ ಒತ್ತುಕಾಗದ ಹಾಕಿ ಕಾಫಿ ಸೋಸಿ, 1908ರಲ್ಲಿ ಪೇಟೆಂಟ್ ಪಡೆದರು. ತೂತಿನ ಹಿತ್ತಾಳೆ ಪಾತ್ರೆ ನಮಗೂ ಗೊತ್ತಿರುವುದೇ, ಕಾಗದ ಮಾತ್ರ ಹೊಸತು. ಕಾಗದ ಎಣ್ಣೆಯನ್ನೂ ನುಣ್ಣನೆ ಹುಡಿಯನ್ನೂ ಹಿಡಿದಿಡುತ್ತದೆ. ಕಾಫಿ ಚಹಾದಷ್ಟು ತಿಳಿಯಾಗಿ, ಹಣ್ಣಿನ ರುಚಿ ಮೇಲೆ ಬರುತ್ತದೆ. ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಕೆಫೆಸ್ಟಾಲ್ ಎಂಬ ಅಂಶವೂ ಕಾಗದದಲ್ಲೇ ಉಳಿಯುತ್ತದೆ, ಕೊಲೆಸ್ಟ್ರಾಲ್ ಇರುವವರಿಗೆ ಇದು ಮುಖ್ಯ.

ವಿ60 ಎಂಬುದು ಕಾಗದ ಕೂರಿಸಿ ಲೋಟದ ಮೇಲೆ ಇಡುವ, ಕೋನದ ಆಕಾರದ ಸೋಸುಕ. ಅಂಥದ್ದರಲ್ಲಿ ಮೊದಲು ಕಾಗದವನ್ನು ಬಿಸಿನೀರಲ್ಲಿ ತೊಳೆಯಿರಿ. ಉಪ್ಪಿಟ್ಟಿನ ಸಣ್ಣ ರವೆಯಷ್ಟು ತರಿಯ 15 ಗ್ರಾಂ ಹುಡಿ ಹಾಕಿ. 30 ಮಿಲಿ ಸುರಿದು ಮುಕ್ಕಾಲು ನಿಮಿಷ ಕಾಯಿರಿ. ಆಮೇಲೆ ಸುತ್ತು ಸುತ್ತಾಗಿ ಒಟ್ಟು 240 ಮಿಲಿಯವರೆಗೆ ಸುರಿಯಿರಿ. ಮೂರು ನಿಮಿಷದೊಳಗೆ ಮುಗಿಯಬೇಕು. ಹಾಲು ಹಾಕುವುದಾದರೆ ಈ ಕಷ್ಟವೇ ಬೇಡ.

ಬೇಸಗೆಗೆ ಕೋಲ್ಡ್ ಬ್ರೂ ಹೇಗೆ?

100 ಗ್ರಾಂ ತರಿ ಹುಡಿ, 800 ಮಿಲಿ ತಣ್ಣೀರು, ಫ್ರಿಜ್‌ನಲ್ಲಿ 14 ಗಂಟೆ, ಬಟ್ಟೆಯಲ್ಲಿ ಸೋಸಿ. ಕುಡಿಯುವಾಗ ಅಷ್ಟೇ ನೀರು ಅಥವಾ ಹಾಲು ಬೆರೆಸಿ. ಐದು ದಿನದೊಳಗೆ ಮುಗಿಸಿ. ಮೇ ತಿಂಗಳ ನಮ್ಮ ಸೆಖೆಗೆ ಇದನ್ನು ಹೊರಗೆ ಇಟ್ಟು ನೆನೆಸಬೇಡಿ. ಎಳನೀರಿಗೆ ಬೆರೆಸಿದರೆ ಬಹಳ ಚೆನ್ನಾಗಿರುತ್ತದೆ.

## ಇನ್ನೂ ಒಳಗೆ ಹೋಗುವವರಿಗೆ

ಕಾಫಿ ಒಂದು ದಿನ ಹುಳಿ, ಒಂದು ದಿನ ಕಹಿ. ಯಾವುದನ್ನು ಸರಿ ಮಾಡಲಿ?

ಹುಳಿ ರುಚಿ ಮೊದಲು ಕರಗುತ್ತದೆ, ಸಿಹಿ ನಡುವೆ, ಕಹಿ ಕೊನೆಗೆ. ಹುಳಿ ಮತ್ತು ತೆಳು ಅನಿಸಿದರೆ ನೀರು ಹುಡಿಯೊಳಗೆ ಸಾಕಷ್ಟು ಕೆಲಸ ಮಾಡಿಲ್ಲ. ತರಿ ಸ್ವಲ್ಪ ನಯ ಮಾಡಿ, ಇಲ್ಲವೇ ನೀರು ಹೆಚ್ಚು ಬಿಸಿ ಇರಲಿ. ಕಹಿ ಮತ್ತು ಗಂಟಲು ಒಣಗುವಂತಿದ್ದರೆ ತಿರುಗಿಸಿ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ.

ಬೀಜ ತಂದು ಮಿಕ್ಸಿಯಲ್ಲಿ ಹುಡಿ ಮಾಡಿದರೆ ಆಗುವುದಿಲ್ಲವಾ?

ಕೈಯಲ್ಲಿ ತಿರುಗಿಸುವ ಬರ್ ಗ್ರೈಂಡರ್ ಇದ್ದರೆ ಒಳ್ಳೆಯದು. ಅದು ಬೀಜವನ್ನು ಒಂದೇ ಅಳತೆಗೆ ಅರೆಯುತ್ತದೆ. ಮಿಕ್ಸಿಯ ಬ್ಲೇಡ್ ಕೊಚ್ಚುತ್ತದೆ, ಸ್ವಲ್ಪ ಮೈದಾ, ಸ್ವಲ್ಪ ರವೆ ಸಿಗುತ್ತದೆ. ಆದರೂ ಮಳೆಗಾಲದಲ್ಲಿ ಹಳೆಯ ಹುಡಿಗಿಂತ ಮಿಕ್ಸಿಯ ತಾಜಾ ಹುಡಿ ಎಷ್ಟೋ ಮೇಲು. ಸಣ್ಣ ಜಾರಿನಲ್ಲಿ 20 ಗ್ರಾಂ ಹಾಕಿ, ಎರಡೆರಡು ಸೆಕೆಂಡ್ ಮಾತ್ರ ತಿರುಗಿಸಿ, ನಡುವೆ ಕುಲುಕಿ. ಕೊನೆಗೆ ಜರಡಿ ಹಿಡಿಯಿರಿ. ಮಸಾಲೆಯ ಜಾರು ಬೇಡ.

ದಿನಕ್ಕೆ ಎಷ್ಟು ಲೋಟ ಕುಡಿಯಬಹುದು?

ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್‌ವರೆಗೆ, ಗರ್ಭಿಣಿಯರಿಗೆ 200ರವರೆಗೆ ಎಂಬುದು ಐರೋಪ್ಯ ಆಹಾರ ಸುರಕ್ಷತಾ ಸಂಸ್ಥೆಯ ಲೆಕ್ಕ. ಮೇಲೆ ಹೇಳಿದ ಅಳತೆಯ ಒಂದು ಲೋಟದಲ್ಲಿ ಸುಮಾರು 100 ಬರುತ್ತದೆ. ಚಹಾ ಕುಡಿದರೆ ಅದನ್ನೂ ಸೇರಿಸಿ. ಊಟದ ಜೊತೆ ಕಾಫಿ ಕುಡಿದರೆ ದೇಹ ಕಬ್ಬಿಣದ ಅಂಶ ಹೀರುವುದು ಕಡಿಮೆಯಾಗುತ್ತದೆ. ರಕ್ತ ಕಡಿಮೆ ಇರುವವರು ಒಂದು ಗಂಟೆ ಬಿಟ್ಟು ಕುಡಿಯಿರಿ.

ಮಾನ್ಸೂನ್ಡ್ ಮಲಬಾರ್ ಅಂತ ಹೊರದೇಶದಲ್ಲಿ ಮಾರುತ್ತಾರಂತೆ. ಅದು ನಮ್ಮ ಮಂಗಳೂರಿನದ್ದಾ?

ಬೀಜ ಘಟ್ಟದ ಮೇಲಿನದು, ಕೆಲಸ ಕರಾವಳಿಯ ಗಾಳಿಯದು. ಮಂಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಗಳಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಡೆ, ಇದು ಈಗಲೂ ನಡೆಯುತ್ತದೆ. ಮಳೆ ಶುರುವಾದಾಗ ಚೆರಿ ಕಾಫಿಯ ಹಸಿ ಬೀಜವನ್ನು ಬದಿ ತೆರೆದ ಗೋದಾಮಿನಲ್ಲಿ ನಾಲ್ಕೈದು ಇಂಚು ದಪ್ಪಕ್ಕೆ ಹರಡುತ್ತಾರೆ. ಆಗಾಗ ಎಳೆದು ಮಗುಚುತ್ತಾರೆ. ಆಮೇಲೆ ಗೋಣಿಗೆ ಸಡಿಲವಾಗಿ ತುಂಬಿ, ನಡುವೆ ಗಾಳಿ ಆಡುವಂತೆ ಜೋಡಿಸುತ್ತಾರೆ. ಮೂರು ನಾಲ್ಕು ತಿಂಗಳಲ್ಲಿ ಬೀಜ ತೇವ ಹೀರಿ ಉಬ್ಬುತ್ತದೆ, ಹಸಿರು ಹೋಗಿ ಒಣಹುಲ್ಲಿನ ಬಣ್ಣ ಬರುತ್ತದೆ, ಹುಳಿ ಬಹುಪಾಲು ಇಳಿಯುತ್ತದೆ. ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಹಾಯಿ ಹಡಗಿನ ಕಾಲದಲ್ಲಿ ಯುರೋಪಿಗೆ ಹೋಗಲು ತಿಂಗಳುಗಟ್ಟಲೆ ಬೇಕಿತ್ತು, ಮರದ ಹಡಗಿನೊಳಗೆ ಬೀಜ ತಾನಾಗಿ ಹೀಗೆ ಆಗುತ್ತಿತ್ತು ಎನ್ನುತ್ತಾರೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಹಬೆಯ ಹಡಗು ಬಂದ ಮೇಲೆ ದಾರಿ ಚಿಕ್ಕದಾಯಿತು, ಆ ರುಚಿ ಹೋಯಿತು. ಅಲ್ಲಿನವರು ಹಳೆಯ ರುಚಿಯನ್ನೇ ಕೇಳಿದ್ದರಿಂದ ಇಲ್ಲಿ ಗಾಳಿಗೆ ಹರಡುವ ಕ್ರಮ ಬಂತಂತೆ.

ಹುಡಿಯನ್ನು ಹಾಳು ಮಾಡುವ ಅದೇ ಗಾಳಿ ಹಸಿ ಬೀಜಕ್ಕೆ ಹೇಗೆ ಒಳ್ಳೆಯದು ಮಾಡುತ್ತದೆ ಎಂದು ಕೇಳುತ್ತಾರೆ. ಹಸಿ ಬೀಜ ಗಟ್ಟಿ, ಅದರಲ್ಲಿ ಕಾಫಿಯ ಪರಿಮಳ ಇನ್ನೂ ಹುಟ್ಟಿಲ್ಲ, ಕಳೆದುಕೊಳ್ಳಲು ಏನೂ ಇಲ್ಲ. ಹುರಿದ ಮೇಲೆ ಕಥೆ ಬೇರೆ. ನಿಮ್ಮ ಫಿಲ್ಟರ್ ಕಾಫಿ ಹುಳಿ ಅನಿಸುತ್ತಿದ್ದರೆ ಮಿಶ್ರಣದಲ್ಲಿ ಕಾಲುಭಾಗ ಇದನ್ನು ಸೇರಿಸಿ ನೋಡಿ.

ಹಸಿ ಬೀಜ ಸಿಕ್ಕಿದೆ. ಬಾಣಲೆಯಲ್ಲಿ ಹುರಿಯಬಹುದಾ?

ಹುರಿಯಬಹುದು. ದಪ್ಪ ಕಬ್ಬಿಣದ ಬಾಣಲೆ, 150 ಗ್ರಾಂಗಿಂತ ಜಾಸ್ತಿ ಬೇಡ, ಮಧ್ಯಮ ಉರಿ. ಕೈ ನಿಲ್ಲಿಸಬಾರದು. ಬೀಜ ಮೊದಲು ಹಳದಿಯಾಗಿ ಒಣಹುಲ್ಲಿನ ವಾಸನೆ, ಆಮೇಲೆ ಕಂದಾಗಿ ರೊಟ್ಟಿ ಸುಡುವ ವಾಸನೆ ಬರುತ್ತದೆ. ಹತ್ತು ನಿಮಿಷದ ಆಚೀಚೆ ಪಟ್ ಪಟ್ ಎಂದು ಸಿಡಿಯಲು ಶುರುವಾಗುತ್ತದೆ. ಆ ಶಬ್ದ ನಿಂತ ಮೇಲೆ ಒಂದೆರಡು ನಿಮಿಷ ಹುರಿದರೆ ಫಿಲ್ಟರಿಗೆ ಹದ. ಸಾಸಿವೆಯಂತೆ ಚಿಟಿಚಿಟಿ ಎಂಬ ಎರಡನೇ ಶಬ್ದ ಕೇಳಿದರೆ ತಕ್ಷಣ ಇಳಿಸಿ, ಮುಂದೆ ಹೋದರೆ ಬರೀ ಇದ್ದಿಲು. ಮಾನ್ಸೂನ್ಡ್ ಬೀಜ ಮೆದು, ಬೇಗ ಕಂದುತ್ತದೆ, ಉರಿ ಇನ್ನೂ ಸಣ್ಣಗಿರಲಿ.

ಕೂಡಲೇ ಗೆರಸೆಗೆ ಸುರಿದು ಕೇರಿ. ಹೊಟ್ಟು ಹಾರಿಹೋಗುತ್ತದೆ, ಬೀಜ ಬೇಗ ತಣಿಯುತ್ತದೆ. ತೂಕದಲ್ಲಿ ಸುಮಾರು ಶೇ 15 ಇಳಿದಿರುತ್ತದೆ. ಹೊಗೆ ಜಾಸ್ತಿ, ಅಂಗಳದಲ್ಲಿ ಅಥವಾ ಕಿಟಕಿ ತೆರೆದು ಮಾಡಿ. ಹುರಿದ ದಿನವೇ ಕುಡಿಯಬೇಡಿ, ಒಳಗಿನ ಅನಿಲ ಹೊರಗೆ ಹೋಗಲು ಮೂರು ನಾಲ್ಕು ದಿನ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಸಿ ಬೀಜ ಮನೆಯಲ್ಲಿ ಇಡಬೇಡಿ, ಬೂಸ್ಟು ಹಿಡಿಯುತ್ತದೆ. ಬೂಸ್ಟು ಕಂಡ ಬೀಜವನ್ನು ಹುರಿದರೂ ಬಳಸಬಾರದು. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಅರ್ಧ ಕಿಲೋ ತಂದು ಶುರು ಮಾಡಿ.